ಎಲ್ಲರ ಬೆರಳೂ ನಿಂತ ಜಾಗ

ಕುತ್ತಿಗೆಯನ್ನು ಹಿಂದೆ ನಿಂತು ನೋಡಬೇಕು. ಸಂಜೆ ತರಗತಿಯ ಮೊದಲ ವಾರದಲ್ಲೇ ಮೇಡಂ ಕಲಿಸಿದ ಪಾಠ ಅದು. ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿ, ಬೆನ್ನ ಹಿಂದೆ ನಿಂತು, ಗಲ್ಲದ ಕೆಳಗಿನಿಂದ ಬೆರಳುಗಳನ್ನು ಹೊರಡಿಸಬೇಕು. ದವಡೆಯ ಅಂಚು, ಕಿವಿಯ ಮುಂದೆ, ಕಿವಿಯ ಹಿಂದೆ, ತಲೆಬುರುಡೆಯ ಬುಡ. ಆಮೇಲೆ ಕಿವಿಯ ಹಿಂದಿನ ಮೂಳೆಯಿಂದ ಎದೆಯ ಕಡೆಗೆ ಓರೆಯಾಗಿ ಇಳಿಯುವ ದಪ್ಪ ಸ್ನಾಯುವಿನ ಗುಂಟ ಕೆಳಕ್ಕೆ ಬಂದು, ಕೊರಳೆಲುಬಿನ ಮೇಲಿನ ಗುಳಿಯಲ್ಲಿ ಮುಗಿಸಬೇಕು. "ಮುಂದೆ ನಿಂತ್ರೆ ಮುಖ ನೋಡ್ತೀರಿ, ಮಾತಿಗೆ ಹೋಗ್ತೀರಿ. ಹಿಂದೆ ನಿಂತ್ರೆ ಬೆರಳೇ ಕಣ್ಣು," ಎನ್ನುತ್ತಿದ್ದರು ಮೇಡಂ.

ಪರೀಕ್ಷೆಯ ಸಂಜೆ ಅಕ್ಕ ಹಾಗೆ ಹಿಂದೆ ನಿಂತಿದ್ದರಿಂದಲೇ ಅವಳ ಮುಖ ಮಾವನಿಗೆ ಕಾಣಲಿಲ್ಲ.

ಅವಳನ್ನು ತರಗತಿಯಲ್ಲಿ ಎಲ್ಲರೂ ಅಕ್ಕ ಎನ್ನುತ್ತಿದ್ದರು. ಎಲ್ಲರಿಗಿಂತ ದೊಡ್ಡವಳು, ಮಗ ಶಾಲೆಗೆ ಹೋಗುತ್ತಿದ್ದ. ಹಗಲೆಲ್ಲ ಒಬ್ಬ ಕಿವಿ-ಮೂಗು-ಗಂಟಲಿನ ಡಾಕ್ಟರ ಚಿಕಿತ್ಸಾಲಯದಲ್ಲಿ ಸಲಕರಣೆ ತೊಳೆದು, ರೋಗಿಗಳನ್ನು ಕರೆದು, ಡಾಕ್ಟರ ಕೈಗೆ ಬೇಕಾದ್ದನ್ನು ಕೊಡುತ್ತಿದ್ದಳು. ಈ ತರಗತಿ ಪಾಸಾದರೆ ಡಾಕ್ಟರು ನೋಡುವ ಮೊದಲು ರೋಗಿಯ ಕಿವಿ, ಮೂಗು, ಕುತ್ತಿಗೆಯನ್ನು ತಾನೇ ನೋಡಿ ಹೇಳುವ ಕೆಲಸ ಸಿಗುತ್ತಿತ್ತು. ಮಾವ ಎಂದರೆ ಅವಳ ಗಂಡನ ತಂದೆಯಲ್ಲ. ಬಸ್ಸು ಓಡಿಸಿ ನಿವೃತ್ತರಾದ ಚಾಲಕ. ವಿದ್ಯಾರ್ಥಿಗಳು ಕೈ ಪಳಗಿಸಿಕೊಳ್ಳಲೆಂದು ತಮ್ಮ ತಲೆ ಕುತ್ತಿಗೆಯನ್ನು ಒಪ್ಪಿಸಿ ಕೂರುವ ಮಾದರಿ ರೋಗಿ. ಅದಕ್ಕೊಂದು ಷರತ್ತಿತ್ತು. ಮಾದರಿಯಾಗಿ ಕೂರುವವರು ಆರೋಗ್ಯವಂತರಾಗಿರಬೇಕು. ಸರಿಯಾದ ಕುತ್ತಿಗೆ ಹೇಗಿರುತ್ತದೆಂದು ಬೆರಳಿಗೆ ಗೊತ್ತಾದ ಮೇಲೆ ತಾನೇ ಕೆಟ್ಟದ್ದು ಗೊತ್ತಾಗುವುದು.

"ಮೆಲ್ಲಗೆ ತಾಯಿ," ಎಂದರು ಮಾವ, ಅಕ್ಕನ ಕೈ ಗಲ್ಲದಡಿ ಬಂದಾಗ. "ಕತ್ತು ಹಿಸುಕೋ ಕೆಲಸ ನಮ್ಮನೆಯವಳು ಯಾರಿಗೂ ಬಿಟ್ಟುಕೊಡಲ್ಲ."

"ಮಾದರಿ ಮಾತಾಡಬಾರದು," ಎಂದರು ಮೇಡಂ. ಅವರು ಮೇಜಿನ ಆಚೆ ಕುಳಿತು, ಅಂಕದ ಹಾಳೆ ಮುಂದಿಟ್ಟುಕೊಂಡು ಅಕ್ಕನ ಕೈಗಳನ್ನೇ ನೋಡುತ್ತಿದ್ದರು.

"ಗಲ್ಲದ ಕೆಳಗೆ, ಗಂಟು ಇಲ್ಲ," ಎಂದಳು ಅಕ್ಕ. ಪ್ರತಿ ಜಾಗವನ್ನೂ ಹೀಗೆ ಬಾಯಿಬಿಟ್ಟು ಹೇಳಬೇಕಿತ್ತು. "ಕಿವಿಯ ಮುಂದೆ, ಇಲ್ಲ. ಕಿವಿಯ ಹಿಂದೆ, ಇಲ್ಲ." ಅವಳ ದನಿ ಚೆನ್ನಾಗಿಯೇ ಬರುತ್ತಿತ್ತು. ಎಡಗಡೆ ದವಡೆಯ ಮೂಲೆ ದಾಟಿ, ಆ ದಪ್ಪ ಸ್ನಾಯುವಿನ ಮುಂದಿನ ಅಂಚಿಗೆ ಬಂದಾಗ ಬೆರಳು ನಿಂತಿತು.

ಅಲ್ಲಿ ಏನೋ ಇತ್ತು. ಹುಣಸೆ ಬೀಜದಷ್ಟು, ಇಲ್ಲ, ಅದಕ್ಕಿಂತ ದೊಡ್ಡದು. ಗಟ್ಟಿ. ಒತ್ತಿದರೆ ಅತ್ತಿತ್ತ ಜಾರುತ್ತಿರಲಿಲ್ಲ.

ಸರಿಯಾದ ಕುತ್ತಿಗೆಯಲ್ಲೂ ಗಂಟಿನ ಹಾಗೆ ಮೋಸ ಮಾಡುವ ಜಾಗಗಳಿವೆ. ಅವೆಲ್ಲ ಅವಳಿಗೆ ಬಾಯಿಪಾಠವಾಗಿದ್ದವು. ಮಿದುಳಿಗೆ ರಕ್ತ ಒಯ್ಯುವ ನಾಳ ಎರಡಾಗಿ ಒಡೆಯುವ ಕಡೆ ಉಬ್ಬಿರುತ್ತದೆ; ಆದರೆ ಅದು ಮಿಡಿಯುತ್ತದೆ. ಇದು ಮಿಡಿಯಲಿಲ್ಲ. ನಾಲಿಗೆಯ ಬುಡಕ್ಕೆ ಆಧಾರವಾದ, ಕುದುರೆ ಲಾಳದ ಆಕಾರದ ಮೂಳೆಯ ತುದಿ ಅಲ್ಲೇ ಎಲ್ಲೋ ಸಿಗುತ್ತದೆ. ಆದರೆ ಅದು ಎರಡೂ ಬದಿಗೆ ಇರಬೇಕು, ನುಂಗಿದರೆ ಮೇಲೇಳಬೇಕು.

"ನುಂಗಿ ಮಾವ," ಎಂದಳು ಮೆಲ್ಲಗೆ.

ಮಾವ ಉಗುಳು ನುಂಗಿದರು. ಗಂಟಲ ಗುಬಟು ಮೇಲೆದ್ದು ಇಳಿಯಿತು. ಬೆರಳಡಿಯದು ಇದ್ದಲ್ಲೇ ಇತ್ತು.

ಮೇಡಂ ಪೆನ್ನು ಎತ್ತಿದರು. "ಯಾಕೆ ನಿಂತ್ರಿ?"

ಆ ಒಂದು ಗಳಿಗೆಯಲ್ಲಿ ಅಕ್ಕನಿಗೆ ನೆನಪಾದದ್ದು ಮಾವನಲ್ಲ, ಮಾತಿನಮಲ್ಲಿ. ತರಗತಿಯಲ್ಲಿ ಸದಾ ಹರಟುತ್ತಿದ್ದ ಹುಡುಗಿಗೆ ಎಲ್ಲರೂ ಇಟ್ಟಿದ್ದ ಹೆಸರು ಅದು. ಹೋದ ತಿಂಗಳು ಅವಳು ಇದೇ ಕುರ್ಚಿಯ ಹಿಂದೆ ನಿಂತು, "ಮೇಡಂ, ಇಲ್ಲೊಂದು ಗಂಟಿದೆ!" ಎಂದು ಕೂಗಿದ್ದಳು. ಮೇಡಂ ಕೂತಲ್ಲಿಂದಲೇ, "ಅದು ಮೂಳೆಯ ತುದಿ. ಮಾದರಿ ಆರೋಗ್ಯವಾಗಿದ್ದಾರೆ. ಇಲ್ಲದ ರೋಗ ಕಂಡುಹಿಡಿದವರು ಪರೀಕ್ಷೆಯಲ್ಲಿ ಫೇಲು," ಎಂದಿದ್ದರು. ಅಂದಿನಿಂದ ಅವಳಿಗೆ ಗಂಟುಕಳ್ಳಿ ಎಂಬ ಎರಡನೇ ಹೆಸರು ಬಿತ್ತು. ಇಡೀ ತರಗತಿ ನಕ್ಕಿತ್ತು. ಅಕ್ಕನೂ ನಕ್ಕಿದ್ದಳು, ಉಳಿದವರಿಗಿಂತ ಸ್ವಲ್ಪ ಜಾಸ್ತಿಯೇ. ನಗೆಗೀಡಾಗುವ ಸರದಿ ತನ್ನದಾಗಲಿಲ್ಲವಲ್ಲ ಎಂಬ ಸಮಾಧಾನಕ್ಕೆ.

"ಸ್ನಾಯುವಿನ ಮೇಲ್ಭಾಗ," ಎಂದಳು ಅಕ್ಕ. "ಗಂಟು ಇಲ್ಲ."

ಬೆರಳುಗಳು ಕೆಳಗಿಳಿದವು.

*

ಫಲಿತಾಂಶವನ್ನು ಮೇಡಂ ಅಲ್ಲೇ ಹೇಳಿದರು. ಎಲ್ಲರೂ ಪಾಸು, ಅಕ್ಕನಿಗೆ ಎಲ್ಲರಿಗಿಂತ ಹೆಚ್ಚು ಅಂಕ. "ನೋಡಿ, ಒಂದು ಕಡೆ ಅನುಮಾನ ಬಂತು, ನುಂಗಿಸಿ ನೋಡಿದ್ರು, ಬಗೆಹರಿಸ್ಕೊಂಡ್ರು. ಹೀಗಿರಬೇಕು," ಎಂದರು. ಅಕ್ಕ ನೆಲ ನೋಡಿದಳು. ವಿನಯವೆಂದು ಭಾವಿಸಿ ಯಾರೋ ಚಪ್ಪಾಳೆ ತಟ್ಟಿದರು.

ಹೊರಗೆ ಮೊಗಸಾಲೆಯಲ್ಲಿ ಮಾವ ಅಂಗಿಯ ಕಾಲರ್ ಸರಿಮಾಡಿಕೊಳ್ಳುತ್ತಿದ್ದರು. "ಏನಮ್ಮಾ, ನನ್ನ ಕತ್ತಿನ ಮೇಲೆ ಕಾಲಿಟ್ಟು ಪಾಸಾಗಿಬಿಟ್ಟೆ!" ಎಂದು ನಕ್ಕರು. ನಗುತ್ತಲೇ ಜೇಬಿನಿಂದ ಹತ್ತಿಯ ಉಂಡೆ ತೆಗೆದು ಎಡಗಿವಿಗೆ ತುರುಕಿಕೊಂಡರು.

"ಕಿವಿಗೇನಾಯ್ತು ಮಾವ?"

ಅವರು ಆಚೀಚೆ ನೋಡಿದರು. "ಮೇಡಂಗೆ ಹೇಳ್ಬೇಡ. ಸ್ವಲ್ಪ ನೋಯ್ತದೆ. ಅಷ್ಟು ವರ್ಷ ಬಸ್ಸಿನ ಕಿಟಕಿ ಪಕ್ಕ ಕೂತವನು, ಗಾಳಿ ಬಿಟ್ಟೀತಾ? ಆರೋಗ್ಯವಂತ ಅಂತ ಹೇಳ್ಕೊಂಡು ಕೂತಿದೀನಲ್ಲ, ತರಗತಿಗೆ ಬರುವಾಗ ಹತ್ತಿ ತೆಗೆದು ಜೇಬಿಗೆ ಹಾಕ್ಕೋತೀನಿ. ನಿಮ್ಮ ಜೊತೆ ಸಂಜೆ ಕಳೆಯೋದು ತಪ್ಪಿದ್ರೆ, ನಮ್ಮನೆಯವಳು ಟೀವಿ ಮುಂದೆ ಕೂತಿರ್ತಾಳೆ, ನಾನು ಗೋಡೆ ಜೊತೆ ಮಾತಾಡ್ಬೇಕು."

ಆ ಕಿವಿಯನ್ನು ಅಕ್ಕ ಹೋದ ವಾರವಷ್ಟೇ ದೀಪ ಬಿಟ್ಟು ನೋಡಿದ್ದಳು. ತಮಟೆಯ ಪೊರೆ ಮುತ್ತಿನ ಹಾಗೆ ಹೊಳೆಯುತ್ತಿತ್ತು. ಕಿವಿ ಚೊಕ್ಕಟವಾಗಿತ್ತು. ಚೊಕ್ಕಟವಾದ ಕಿವಿ ನೋಯುತ್ತಿದ್ದರೆ ಗಂಟಲು ನೋಡಿ ಎನ್ನುವುದು ಇನ್ನೊಂದು ಪಾಠ. ಕಿವಿಗೂ ಗಂಟಲಿಗೂ ಒಂದೇ ನರದ ಕವಲುಗಳು ಹೋಗಿವೆ. ಗಂಟಲಿನ ತಳದಲ್ಲಿ ಕೆಟ್ಟದ್ದೇನಾದರೂ ಬೆಳೆದರೆ ಮಿದುಳು ಮೋಸಹೋಗಿ ಕಿವಿಯನ್ನು ದೂರುತ್ತದೆ. ಅದನ್ನು ಅವಳು ತಪ್ಪಿಲ್ಲದೆ ಹೇಳಿ ಶಹಬ್ಬಾಸ್ ಅನ್ನಿಸಿಕೊಂಡಿದ್ದಳು.

"ಡಾಕ್ಟರಿಗೆ ತೋರ್ಸಿ ಮಾವ," ಎಂದಳು. ಅಷ್ಟೇ ಬಂತು ಬಾಯಿಗೆ.

"ನೀವೆಲ್ಲ ಇಷ್ಟು ಜನ ನೋಡ್ತಾನೇ ಇದೀರಲ್ಲ, ಇನ್ಯಾವ ಡಾಕ್ಟರು!" ಎಂದು ಮಾವ ಮೆಟ್ಟಿಲಿಳಿದರು.

*

ಮನೆಯಲ್ಲಿ ಸುದ್ದಿ ಆಗಲೇ ಮುಟ್ಟಿತ್ತು. ಅತ್ತೆ ಪಕ್ಕದ ಮನೆಯವರನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು, "ನಮ್ಮ ಸೊಸೆ ಇನ್ಮೇಲೆ ಅರ್ಧ ಡಾಕ್ಟರು," ಎನ್ನುತ್ತಿದ್ದರು. ಸಾಮಾನ್ಯವಾಗಿ ಅಷ್ಟು ಸುಲಭಕ್ಕೆ ಹೊಗಳುವ ಜೀವವಲ್ಲ ಅದು. ಗಂಡ ಮಗನಿಗೆ, "ಅಮ್ಮನ ಹತ್ರ ಇನ್ಮೇಲೆ ಗಂಟಲು ನೋವು ಅಂತ ಸುಳ್ಳು ಹೇಳಿ ಶಾಲೆ ತಪ್ಸೋಕಾಗಲ್ಲ, ತಿಳ್ಕೋ," ಎಂದ.

ಊಟವಾದ ಮೇಲೆ ಅತ್ತೆ ಕುರ್ಚಿ ಎಳೆದುಕೊಂಡು ಕೂತರು. "ಬಾರೇ, ನನ್ನ ಕತ್ತೂ ನೋಡು. ಊರವರದೆಲ್ಲ ನೋಡ್ತೀಯ, ಮನೆಯವರದು ಬೇಡ್ವಾ?"

ಅಕ್ಕ ಹಿಂದೆ ನಿಂತಳು. ಅತ್ತೆಯ ಕುತ್ತಿಗೆ ಬೆಚ್ಚಗಿತ್ತು, ಚರ್ಮ ಸಡಿಲವಾಗಿತ್ತು, ಕೂದಲಿನ ಎಣ್ಣೆ ಬೆರಳಿಗೆ ಹತ್ತಿತು. ದವಡೆಯ ಮೂಲೆ ದಾಟಿ ಎಡಗಡೆಯ ಅದೇ ಜಾಗಕ್ಕೆ ಬಂದಾಗ ಬೆರಳು ನಿಧಾನವಾಯಿತು. ಇಲ್ಲೂ ಅಂಥದ್ದೊಂದು ಸಿಕ್ಕಲಿ ಎಂದು ಅವಳು ಆಸೆಪಟ್ಟಳು. ಸಿಕ್ಕರೆ ಅದು ಎಲ್ಲರಿಗೂ ಇರುವಂಥದ್ದೇ, ಮಾವನದೂ ಹಾಗೇ, ತನ್ನದೇನೂ ತಪ್ಪಿಲ್ಲ. ಬೆರಳು ಹುಡುಕಿತು. ಮೂಳೆಯ ತುದಿ ಎರಡೂ ಬದಿಗೆ ಸಣ್ಣಗೆ ತಾಗಿತು. ನುಂಗಿಸಿದಾಗ ಎರಡೂ ಎದ್ದವು. ನಾಳ ಮಿಡಿಯಿತು. ಬೇರೇನೂ ಇರಲಿಲ್ಲ.

ಆಗ ಗೊತ್ತಾಯಿತು ತಾನೇನು ಆಸೆಪಟ್ಟೆ ಎಂಬುದು. ಸ್ವಂತ ಅತ್ತೆಯ ಕೊರಳಲ್ಲಿ ಗಂಟಿರಲಿ ಎಂದು. ಬೆರಳನ್ನು ಹಿಂದಕ್ಕೆ ತೆಗೆದಳು.

"ಏನಾದ್ರೂ ಇದ್ಯೇನೇ?"

"ಇಲ್ಲ ಅತ್ತೆ."

"ಮತ್ಯಾಕೆ ಹಂಗೆ ನಿಂತ್ಬಿಟ್ಟೆ, ದೆವ್ವ ಕಂಡೋರ ತರ? ಪಾಸಾದವಳು ಧೈರ್ಯವಾಗಿ ಹೇಳ್ಬೇಕು."

ಇಲ್ಲ ಎಂಬ ಮಾತು ಈ ಕುರ್ಚಿಯ ಹಿಂದೆ ಎಷ್ಟು ಹಗುರಾಗಿ ಬಂತು, ಆ ಕುರ್ಚಿಯ ಹಿಂದೆಯೂ ಅಷ್ಟೇ ಹಗುರಾಗಿ ಬಂದಿತ್ತಲ್ಲ ಎಂದುಕೊಳ್ಳುತ್ತ ಅವಳು ಕೈ ತೊಳೆಯಲು ಹೋದಳು. ತುಂಬ ಹೊತ್ತು ತೊಳೆದಳು.

*

ಮರುದಿನ ಕೆಲಸ ಮುಗಿಸಿ ನೇರವಾಗಿ ಮೇಡಂ ಹತ್ತಿರ ಹೋದಳು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದಳು. ಮೇಡಂ ಪ್ರಮಾಣಪತ್ರಗಳಿಗೆ ಸಹಿ ಹಾಕುತ್ತ ಕುಳಿತಿದ್ದರು, ಮೇಲಿನದೇ ಅವಳದು.

"ಮೇಡಂ, ಮಾವನ ಕುತ್ತಿಗೆಯಲ್ಲಿ, ಎಡಗಡೆ..."

"ಆ ಮೂಳೆ ತುದಿ ತಾನೇ?" ಮೇಡಂ ತಲೆ ಎತ್ತದೆ ನಕ್ಕರು. "ಅಯ್ಯೋ, ಪಾಸಾದ ಮೇಲೂ ಪರೀಕ್ಷೆ ಭಯ ಬಿಟ್ಟಿಲ್ವಾ ನಿಮ್ಗೆ? ನಿಮ್ಮದೇ ಸರಿ ಇತ್ತು. ಹೋಗಿ, ಮನೇಲಿ ಸಿಹಿ ತಿನ್ನಿ."

ಇಲ್ಲ ಮೇಡಂ, ಅದು ಮೂಳೆಯಲ್ಲ ಎನ್ನಬೇಕಿತ್ತು. ನೀವೊಮ್ಮೆ ಮುಟ್ಟಿ ನೋಡಿ ಎನ್ನಬೇಕಿತ್ತು. ಹೇಳಿದರೆ ಆ ಮೇಲಿನ ಹಾಳೆ ಏನಾದೀತು ಎಂಬ ಯೋಚನೆ ಬಂದುಹೋಯಿತು. ಬಂದುಹೋಯಿತು ಎಂದರೆ ಸುಳ್ಳು. ಬಂದು ಅಲ್ಲೇ ಕೂತಿತು.

"ಹೌದು ಮೇಡಂ," ಎಂದಳು.

ಗೇಟಿನಾಚೆ ಬಂದು ಮಾತಿನಮಲ್ಲಿಗೆ ಫೋನು ಮಾಡಿದಳು. ಯಾಕೆ ಮಾಡಿದಳೋ, ಪಾಲು ಹಂಚಿಕೊಳ್ಳುವುದಕ್ಕಿರಬೇಕು.

"ಅಕ್ಕಾ! ಫಸ್ಟು ಬಂದವರು ನಮ್ಮಂಥವರಿಗೂ ಫೋನ್ ಮಾಡ್ತಾರಾ?"

"ನೀನು ಅವತ್ತು ಹೇಳಿದ್ಯಲ್ಲ, ಮಾವನ ಕತ್ತಲ್ಲಿ. ಅದು ನಿಜ ಕಣೇ. ನನ್ಗೂ ಸಿಕ್ತು."

ಮಾತಿನಮಲ್ಲಿ ದನಿ ತಗ್ಗಿಸಿದಳು.

"ಮತ್ತೆ ಪರೀಕ್ಷೇಲಿ ಏನಂದ್ರಿ?"

"ಇಲ್ಲ ಅಂದೆ."

"ನಾನೂ ಇಲ್ಲ ಅಂದೆ ಅಕ್ಕ," ಎಂದಳು ಮಾತಿನಮಲ್ಲಿ. "ಈ ಸಲ ಇನ್ನೂ ದೊಡ್ಡದಾಗಿ ಸಿಕ್ತು. ಆದ್ರೂ ಇಲ್ಲ ಅಂದೆ. ಇನ್ನೊಂದು ಸಲ ಗಂಟುಕಳ್ಳಿ ಅನ್ನಿಸ್ಕೊಳ್ಳೋಕೆ ಆಗ್ಲಿಲ್ಲ."

ಇನ್ನೂ ದೊಡ್ಡದಾಗಿ. ಅಕ್ಕ ಫೋನು ಕಿವಿಯಿಂದ ಇಳಿಸಿದರೂ ಆ ಮಾತು ಇಳಿಯಲಿಲ್ಲ.

*

ಮಾವ ಬೆಳಗಿನ ಹೊತ್ತು ಬಸ್ ಡಿಪೋದಲ್ಲಿ ಸಿಗುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ನಿವೃತ್ತಿಯಾದರೂ ಕಾಲು ಆ ಕಡೆಗೇ ಎಳೆಯುತ್ತದೆ ಎನ್ನುತ್ತಿದ್ದರು. ಮರುದಿನ ಕೆಲಸಕ್ಕೆ ಮೊದಲು ಅಕ್ಕ ಅಲ್ಲಿಗೆ ಹೋದಳು. ಡೀಸೆಲ್ಲಿನ ವಾಸನೆ, ತೊಳೆದ ಬಸ್ಸುಗಳಿಂದ ತೊಟ್ಟಿಕ್ಕುವ ನೀರು, ಟೈಂ ಕೀಪರ್ ಕೋಣೆಯ ಹೊರಗೊಂದು ಉದ್ದನೆಯ ಬೆಂಚು. ಮಾವ ಅಲ್ಲಿ ಚಹದ ಲೋಟ ಹಿಡಿದು, ಇಬ್ಬರು ಚಾಲಕರಿಗೆ ಏನೋ ಬುದ್ಧಿ ಹೇಳುತ್ತಿದ್ದರು. ಚಹವನ್ನು ತುಸುತುಸುವೇ ನುಂಗುತ್ತಿದ್ದರು. ನುಂಗುವಾಗ ಹುಬ್ಬು ಗಂಟಾಗುತ್ತಿತ್ತು. ಅದು ಇಷ್ಟು ದಿನ ಕಂಡಿರಲಿಲ್ಲವೇ ಎಂದು ಅವಳು ತನ್ನನ್ನೇ ಕೇಳಿಕೊಂಡಳು. ಹಿಂದೆ ನಿಂತವರಿಗೆ ಹೇಗೆ ಕಾಣಬೇಕು.

"ಓಹೋ, ಡಾಕ್ಟರಮ್ಮ! ಯಾವ ಬಸ್ಸಿಗೆ?"

"ನಿಮ್ಮ ಹತ್ರಾನೇ ಬಂದೆ ಮಾವ. ಇನ್ನೊಂದು ಸಲ ಕುತ್ತಿಗೆ ನೋಡ್ಬೇಕು."

"ಇಲ್ಲೇನಾ?" ಮಾವ ಜೊತೆಯವರ ಕಡೆ ತಿರುಗಿದರು. "ನೋಡಿದ್ರಾ, ನನ್ನ ಕತ್ತಿಗೆ ಎಂಥ ಬೇಡಿಕೆ!"

"ಹಾರ ಹಾಕೋಕೆ ಅಳತೆ ತಗೋತಾ ಇರ್ಬೇಕು," ಎಂದ ಒಬ್ಬ ಚಾಲಕ. ಇನ್ನೊಬ್ಬ ನಕ್ಕ. ಅಕ್ಕನ ಮುಖ ನೋಡಿ ಇಬ್ಬರೂ ಲೋಟ ಇಟ್ಟು ಎದ್ದು ಹೋದರು.

ಅವಳು ಬೆಂಚಿನ ಹಿಂದೆ ನಿಂತಳು. ಈ ಸಲ ಗಲ್ಲದಿಂದ ಹೊರಡಲಿಲ್ಲ. ನೇರ ಅದೇ ಜಾಗಕ್ಕೆ ಕೈ ಹೋಯಿತು. ಬೆರಳು ತಾಗುವ ಮೊದಲೇ ಮಾವ ಉಸಿರು ಹಿಡಿದರು.

"ಯಾಕೆ ಉಸಿರು ಕಟ್ಟಿದ್ರಿ ಮಾವ?"

"ಅಲ್ಲಿ ನಿಲ್ಲಿಸ್ತೀರಲ್ಲ ನೀವು, ಅದಕ್ಕೆ."

"ನಾವು ಅಂದ್ರೆ?"

"ಎಲ್ಲರೂನೂ. ಈಚೆಗೆ ಎಲ್ಲರ ಕೈಯೂ ಅಲ್ಲಿ ಬಂದು ಬ್ರೇಕ್ ಹಾಕುತ್ತೆ. ಕೆಲವರು ಸ್ವಲ್ಪ ಹೊತ್ತು, ಕೆಲವರು ಜಾಸ್ತಿ ಹೊತ್ತು. ಆಮೇಲೆ ಇಲ್ಲ ಅಂದು ಮುಂದಕ್ಕೆ ಹೋಗ್ತಾರೆ. ಅವತ್ತು ಮೇಡಂ ಅದು ಮೂಳೆ ಅಂದ್ರಲ್ಲ, ನಾನಂದ್ಕೊಂಡೆ, ಅಲ್ಲಿ ನಿಂತು ಹೋಗ್ಬೇಕು ಅಂತ ಪಾಠದಲ್ಲೇ ಇದೆ ಅಂತ. ಸ್ಟಾಪ್ ಇದ್ದಾಗ ಯಾರೂ ಹತ್ತದಿದ್ರೂ ನಿಲ್ಲಿಸ್ಬೇಕಲ್ಲ, ಹಂಗೆ."

ಅಕ್ಕನ ಬೆರಳು ಅಲ್ಲೇ ಇತ್ತು. ಎಲ್ಲರ ಬೆರಳೂ ಬಂದು ನಿಂತ ಜಾಗ. ಒಬ್ಬೊಬ್ಬರಾಗಿ ಬಂದು, ತಡವಿ, ಉಳಿದವರೆಲ್ಲ ಇಲ್ಲ ಅಂದಿದ್ದಾರಲ್ಲ ಎಂದು ತಾವೂ ಇಲ್ಲ ಅಂದು ಹೋಗಿದ್ದರು. ಅವಳೊಬ್ಬಳದೇ ತಪ್ಪಲ್ಲ ಎಂಬುದರಿಂದ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅಷ್ಟು ಜನರಲ್ಲಿ ನುಂಗಿಸಿ ನೋಡಿ ಖಾತ್ರಿ ಮಾಡಿಕೊಂಡವಳು ತಾನು, ಗೊತ್ತಿದ್ದೂ ಹೇಳದವಳು.

ಹಿಂದೆ ನಿಂತೇ ಹೇಳಿಬಿಡಬಹುದಿತ್ತು. ಅದು ಸುಲಭ. ಅವಳು ಬೆಂಚು ಸುತ್ತಿ ಮುಂದೆ ಬಂದು, ಮಾವನ ಎದುರು ನಿಂತಳು.

"ಅಲ್ಲಿ ಗಂಟಿದೆ ಮಾವ."

ಮಾವ ಅವಳನ್ನೇ ನೋಡಿದರು. ಕೈ ತಾನಾಗಿ ಎಡಗಡೆ ಕೊರಳಿಗೆ ಹೋಯಿತು. ಅಲ್ಲಲ್ಲಿ ಒತ್ತಿ, ಸಿಕ್ಕಿತೋ ಇಲ್ಲವೋ, ಮತ್ತೆ ಮಡಿಲಿಗೆ ಇಳಿಯಿತು.

"ಈಗ ಬಂತಾ?"

"ಇಲ್ಲ."

"ನಿನ್ನ ಪರೀಕ್ಷೆ ದಿನಾನೂ ಇತ್ತಾ?"

"ಇತ್ತು."

"ನನಗೆ ಕೇಳಿಸೋ ಹಂಗೇ ಇಲ್ಲ ಅಂದ್ಯಲ್ಲ."

ಪರೀಕ್ಷೆ, ಮೇಡಂ, ಗಂಟುಕಳ್ಳಿ, ನಗು, ಎಲ್ಲ ನಾಲಿಗೆಯ ತುದಿಗೆ ಬಂದು ಅಲ್ಲೇ ಒಣಗಿದವು. ಬಸ್ಸೊಂದು ಹಿಂದಕ್ಕೆ ಸರಿಯುತ್ತಿತ್ತು. ಕಂಡಕ್ಟರು ಸೀಟಿ ಊದುತ್ತಿದ್ದ. ಸೀಟಿ ನಿಂತ ಮೇಲೆ ಮಾವ ಕಿವಿಯ ಹತ್ತಿ ತೆಗೆದು, ಅದನ್ನೇ ನೋಡುತ್ತ ಕೂತರು.

"ಬಿಡು, ನಾನೂ ಇದನ್ನ ಜೇಬಲ್ಲಿ ಮುಚ್ಚಿಟ್ಟು ಕೂತಿದ್ದವನೇ," ಎಂದರು.

ಆ ಮಾತು ಅವಳನ್ನು ಬೈಗುಳಕ್ಕಿಂತ ಹೆಚ್ಚು ಕುಗ್ಗಿಸಿತು. "ಅದೂ ಇದೂ ಒಂದೇ ಅಲ್ಲ ಮಾವ. ಏಳಿ. ನಮ್ಮ ಡಾಕ್ಟರು ಬರೋ ಹೊತ್ತಾಯ್ತು."

*

ಚಿಕಿತ್ಸಾಲಯದಲ್ಲಿ ಗಂಟಲು ನೋಡುವ ಪುಟ್ಟ ಕನ್ನಡಿಯನ್ನು ಬೆಚ್ಚಗೆ ಮಾಡುವುದು ಅಕ್ಕನ ಕೆಲಸ. ತಣ್ಣಗಿದ್ದರೆ ರೋಗಿಯ ಉಸಿರಿಗೆ ಮಂಜು ಕಟ್ಟುತ್ತದೆ, ಹೆಚ್ಚು ಕಾಯಿಸಿದರೆ ಸುಡುತ್ತದೆ. ದೀಪದ ಮೇಲೆ ಹಿಡಿದು, ತನ್ನ ಮುಂಗೈಗೆ ತಾಗಿಸಿ ನೋಡಿ, ಡಾಕ್ಟರಿಗೆ ಕೊಟ್ಟಳು. ಡಾಕ್ಟರು ಮೊದಲು ಕುತ್ತಿಗೆಗೆ ಕೈ ಹಾಕಿದರು. ಅವರ ಬೆರಳೂ ಅಲ್ಲಿ ಬಂದು ನಿಂತಿತು. ಮುಂದಕ್ಕೆ ಹೋಗಲಿಲ್ಲ.

"ಇದು ಎಷ್ಟು ದಿನದಿಂದ ಇದೆ?"

ಮಾವ ಅಕ್ಕನ ಕಡೆ ಒಂದು ನೋಟ ಹಾಯಿಸಿದರು. "ಈಗೀಗ ಡಾಕ್ಟ್ರೇ. ಈ ಹುಡುಗೀನೇ ಕಂಡುಹಿಡಿದು ಕರ್ಕೊಂಡು ಬಂದ್ಲು. ತುಂಬ ಚುರುಕು."

ಡಾಕ್ಟರು ತಲೆಯಾಡಿಸಿ, "ಒಳ್ಳೇದಾಯ್ತಲ್ಲ," ಎಂದು ಅವಳ ಕಡೆ ನೋಡಿದರು. ಅವರು ಹೊಗಳುವುದು ಅಪರೂಪ. ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮಾವನೇ ಬಾಗಿಲು ತೆರೆದು, ನುಸುಳಿಕೊಂಡು ಹೋಗು ಎಂದಿದ್ದರು. ಆದರೆ ಈಗೀಗ ಬಂದ ಗಂಟಿಗೂ, ತಿಂಗಳಿಂದ ಬೆಳೆಯುತ್ತಿರುವ ಗಂಟಿಗೂ ಡಾಕ್ಟರು ಮಾಡುವ ಲೆಕ್ಕವೇ ಬೇರೆ ಎಂಬುದು ಅವಳಿಗೆ ಗೊತ್ತಿತ್ತು.

"ಈಗೀಗ ಅಲ್ಲ ಸಾರ್," ಎಂದಳು. "ಹೋದ ತಿಂಗಳೇ ನಮ್ಮ ತರಗತೀಲಿ ಒಬ್ಬಳು ಹೇಳಿದ್ಲು. ನಾವೆಲ್ಲ ಅವಳನ್ನ ಆಡ್ಕೊಂಡ್ವಿ. ಆಮೇಲೆ ದೊಡ್ಡದಾಗಿದೆ. ಪರೀಕ್ಷೆ ದಿನ ನನ್ಗೂ ಸಿಕ್ತು. ನುಂಗಿಸಿ ನೋಡಿದೆ, ಮೂಳೆ ಅಲ್ಲ ಅಂತ ಗೊತ್ತಾಯ್ತು. ಆದ್ರೂ ಇಲ್ಲ ಅಂದೆ. ಎಡಗಿವಿ ನೋವೂ ಇದೆ, ಕಿವಿ ಚೊಕ್ಕಟವಾಗಿದೆ. ನುಂಗೋಕೆ ಕಷ್ಟ ಆಗ್ತಿದೆ."

ಡಾಕ್ಟರು ಬಯ್ಯಲಿಲ್ಲ. ಅವಳನ್ನು ಕ್ಷಣಕಾಲ ನೋಡಿ, ಕನ್ನಡಿಯನ್ನು ವಾಪಸು ಕೊಟ್ಟರು. "ತಣ್ಣಗಾಗಿದೆ. ಇನ್ನೊಮ್ಮೆ ಕಾಯಿಸು."

ಕಾಯಿಸಿ ಕೊಟ್ಟಳು. ಡಾಕ್ಟರು ಮಾವನ ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದು, ಕನ್ನಡಿ ಒಳಗಿಟ್ಟು, "ಈ... ಅನ್ನಿ," ಎಂದರು. ಮಾವ ಈ ಎಂದರು. ಅವರ ಕಣ್ಣಲ್ಲಿ ನೀರು ತುಂಬಿತು. ಕನ್ನಡಿ ಗಂಟಲಿಗೆ ತಾಗಿದರೆ ಯಾರಿಗಾದರೂ ತುಂಬುತ್ತದೆ. ಡಾಕ್ಟರು ತುಂಬ ಹೊತ್ತು ನೋಡಿದರು.

"ಗಂಟಲ ತಳದಲ್ಲಿ ಎಡಗಡೆ ಒಂದು ಹುಣ್ಣಿದೆ," ಎಂದರು ಕೊನೆಗೆ. "ಚೂರು ತೆಗೆದು ಪರೀಕ್ಷೆಗೆ ಕಳಿಸ್ಬೇಕು. ಏನು ಅಂತ ಅದು ಬಂದ ಮೇಲೇ ಹೇಳೋದು. ತಡ ಆಯ್ತು ಅಂತ ಈಗಲೇ ಹೇಳಲ್ಲ. ಇನ್ನು ತಡ ಮಾಡೋ ಹಾಗಿಲ್ಲ."

ಹೊರಗೆ ಬಂದಾಗ ಮಾವ ಅಂಗಿಯ ಕಾಲರನ್ನು ಎಷ್ಟೋ ಸಲ ಸರಿಮಾಡಿಕೊಂಡರು. ಅಕ್ಕ ಮೆಟ್ಟಿಲ ಮೇಲೆ ಅವರ ಎದುರು ನಿಂತಳು. ಏನು ಹೇಳಿದರೂ ತನ್ನ ಭಾರ ಇಳಿಸಿಕೊಳ್ಳುವುದಕ್ಕೇ ಹೇಳಿದಂತಾಗುತ್ತದೆ ಎನಿಸಿತು.

"ಒಳಗೆ ನಾನು ನಿನ್ನ ಕಾಪಾಡೋಕೆ ನೋಡಿದ್ರೆ, ನೀನೇ ಬಾಯಿಬಿಟ್ಟೆ," ಎಂದರು ಮಾವ.

"ಹ್ಞೂಂ."

"ತರಗತಿಗೆ ಇನ್ನು ನಾನು ಬರೋ ಹಾಗಿಲ್ಲ, ಅಲ್ವಾ? ಆರೋಗ್ಯವಂತ ಅಲ್ವಲ್ಲ."

"ಇವತ್ತು ಸಂಜೆ ಪ್ರಮಾಣಪತ್ರಕ್ಕೆ ಎಲ್ಲರೂ ಬರ್ತಾರೆ, ಮೇಡಂ ಹತ್ರ ಹೋಗ್ತೀನಿ ಮಾವ. ಏನಾಯ್ತು ಅಂತ ಎಲ್ಲರ ಮುಂದೆ ಹೇಳ್ತೀನಿ."

"ನಾನೂ ಬರ್ತೀನಿ ನಡಿ," ಎಂದರು ಅವರು. "ಗಂಟಿರೋ ಕತ್ತು ಹೇಗಿರುತ್ತೆ ಅಂತ ಎಲ್ಲರೂ ಸರಿಯಾಗಿ ಮುಟ್ಟಿ ನೋಡ್ಲಿ. ಮೇಡಂ ಮೊದಲು. ಈ ಸಲ ಇಲ್ಲ ಅಂದವರೇ ಫೇಲು."

ಹೇಳಿ ಅವರು ನಕ್ಕರು. ನಗುವಿನ ನಡುವೆಯೇ ಉಗುಳು ನುಂಗಬೇಕಾಗಿ ಹುಬ್ಬು ಗಂಟಿಕ್ಕಿತು. ಅಕ್ಕ ಮುಂದೆಯೇ ನಿಂತಿದ್ದಳು; ಸ್ಪಷ್ಟವಾಗಿ ಕಂಡಿತು. ಮುಖ ತಿರುಗಿಸಬೇಕೆನ್ನಿಸಿದರೂ ತಿರುಗಿಸಲಿಲ್ಲ.